ಕೂಗಳತೆಯ ಆಟ

ಮಿಶ್ರಿಕೋಟಿಯ ಈರಬಸಪ್ಪನ ಹಿತ್ತಲಲ್ಲಿ ಸಂಜೆಯಾದರೆ ಖೋ ಖೋ ಆಟ ನಡೆಯುತ್ತಿತ್ತು. ಓಣಿಯವರಿಗೆ ಮೊದಮೊದಲು ಅದೊಂದು ನಗುವ ವಿಷಯ. ಯಾಕೆಂದರೆ ಅಲ್ಲಿ ಬೆನ್ನಟ್ಟುವವರು ಎರಡು ಮಕ್ಕಳು, ಓಡುವವಳು ಅವರ ತಾಯಿ, ಈರಬಸಪ್ಪನ ಹೆಂಡತಿ ರೇವವ್ವ. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ದನ ಕಟ್ಟುವ ಗೂಟದಿಂದ ಹುಣಸೆಮರದವರೆಗೆ ಓಡಿದರೆ ಮಗಳು ಅನ್ನವ್ವನ ಕೈಗೂ ಸಿಗುತ್ತಿರಲಿಲ್ಲ, ಅವಳಿಗಿಂತ ಸಣ್ಣವನಾದ ಮಂಜಪ್ಪನ ಕೈಗೂ ಸಿಗುತ್ತಿರಲಿಲ್ಲ.

"ಅವ್ವಾ, ನೀ ಮೋಸ ಮಾಡ್ತಿ! ಈ ಕಡೆ ಬರತೀನಿ ಅಂತ ತೋರಿಸಿ ಆ ಕಡೆ ಓಡ್ತಿ."

"ಅದ ಆಟ ಅನ್ನೀ. ಮಾರಿ ನೋಡಬ್ಯಾಡ, ಕಾಲ ನೋಡು. ಮಾರಿ ಸುಳ್ಳ ಹೇಳತೈತಿ, ಕಾಲ ಹೇಳೂದಿಲ್ಲ."

ಆಟ ರಂಗೇರುವಷ್ಟರಲ್ಲಿ ಒಳಗಿನಿಂದ ಕೂಗು ಬರುತ್ತಿತ್ತು. "ರೇವಾ... ಏ ರೇವಾ..." ರೇವವ್ವ ಓಡುತ್ತಿದ್ದವಳು ಓಡುತ್ತಿದ್ದ ಹಾಗೆಯೇ ಒಳಗೆ ಹೋಗಿಬಿಡುತ್ತಿದ್ದಳು. ಮಕ್ಕಳು ಸ್ವಲ್ಪ ಹೊತ್ತು ಹುಣಸೆಮರದ ಕೆಳಗೆ ಕಾಯ್ದು, ಬೇಸತ್ತು ಬೇರೆ ಆಟಕ್ಕೆ ಹತ್ತುತ್ತಿದ್ದರು.

ಕೂಗುತ್ತಿದ್ದವಳು ಅತ್ತೆ ಮಲ್ಲಕ್ಕ. ಒಂದು ಕಾಲಕ್ಕೆ ಎರಡು ಎತ್ತಿನ ಗಳೆ ತಾನೇ ಹೊಡೆದ ಗಟ್ಟಿ ಹೆಂಗಸು. ಬಚ್ಚಲಲ್ಲಿ ಬಿದ್ದದ್ದೇ ನೆಪವಾಗಿ ಲಕ್ವಾ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಗಿದ್ದವು. ನಡುಮನೆಯ ಹೊರಸಿನ ಮೇಲೆ ಮಲಗಿದವಳು ಮಲಗಿಯೇ ಇದ್ದಳು. ಸೊಸೆಯ ಕೈಯ ತುತ್ತು ಬಿಟ್ಟರೆ ಬೇರೆಯವರ ಕೈಯದು ಒಲ್ಲಳು. ಹೆತ್ತ ಮಗಳೇ ಗಂಡನ ಊರಿಂದ ಬಂದು ಉಣಿಸಹೋದರೆ ಬಾಯಿ ಬಿಗಿ ಹಿಡಿದು ಗೋಡೆಯ ಕಡೆ ಹೊರಳುತ್ತಿದ್ದಳು. ರೇವವ್ವನ ತವರಿನಲ್ಲಿ ತಮ್ಮನ ಮದುವೆಯಾಯಿತು, ತಂಗಿಯ ಸೀಮಂತವಾಯಿತು. ಒಂದಕ್ಕೂ ಅವಳಿಗೆ ಹೋಗಲಾಗಲಿಲ್ಲ. ಮಲ್ಲಕ್ಕನ ಕೂಗು ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಗೆ ಅವಳ ಸೀಮೆ ಮುಗಿಯುತ್ತಿತ್ತು.

ಆಟ ಅವಳಿಗೆ ಹೊಸದಲ್ಲ. ಕುಂದಗೋಳದ ಕಡೆಯ ಯರಗುಪ್ಪಿ ಅವಳ ತವರು. ಹೈಸ್ಕೂಲಿನ ಖೋ ಖೋ ತಂಡದಲ್ಲಿ ಅವಳೇ ಮುಂದಾಳು. ಎರೆಹೊಲದ ಬಿರುಕುಗಳ ಮೇಲೆ ಬರಿಗಾಲಲ್ಲಿ ಓಡಿ ಕಲಿತವಳಿಗೆ ಬಯಲಿನ ಓಟ ಒಂದು ಲೆಕ್ಕವೇ ಆಗಿರಲಿಲ್ಲ. ಧಾರವಾಡದಲ್ಲಿ ನಡೆಯುವ ಜಿಲ್ಲಾ ಪಂದ್ಯಗಳಿಗೆ ಹೆಸರು ಹೋಗಿತ್ತು. ಹೊರಡುವ ವಾರದಲ್ಲಿಯೇ ಮಿಶ್ರಿಕೋಟಿಯವರು ಕನ್ಯೆ ನೋಡಲು ಬಂದರು, ಒಪ್ಪಿದರು. "ಒಪ್ಪಿದ ಹುಡುಗಿ ಮಂದಿ ಮುಂದ ಓಡಾಡೂದು ಬ್ಯಾಡ" ಎಂದು ಅಪ್ಪ ಅಂದದ್ದೇ ಕೊನೆ.

ಹೊಲದಲ್ಲಿ ಒಂದು ಕಲ್ಲುಬಾವಿ ಇತ್ತು. ಬೇಸಿಗೆಯ ಸೂಟಿ ಬಂತೆಂದರೆ ರೇವವ್ವ ಬಾಜೂಮನೆಯ ಮಲಿಕಾಬಿಯನ್ನು ಅತ್ತೆಯ ಹತ್ತಿರ ಕೂರಿಸಿ, ಬುತ್ತಿ ಒಯ್ಯುವ ನೆವದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಇಬ್ಬರಿಗೂ ಈಸು ಕಲಿಸಿದವಳು ಅವಳೇ. ಈರಬಸಪ್ಪ ಬಾವಿಯ ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತ ನೋಡುತ್ತಿದ್ದ. ಅವನಿಗೆ ಈಸು ಬರುತ್ತಿರಲಿಲ್ಲ. ಹೆಂಡತಿ ಮೇಲಿನ ಮೆಟ್ಟಿಲಿನಿಂದ ಧುಮುಕಿದಾಗ ಅವನ ಕೈಯ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಒಳ್ಳೆಯ ಮನುಷ್ಯ, ಹೆಂಡತಿಯನ್ನು ಎಂದೂ ಗದರಿದವನಲ್ಲ. ಆದರೆ ತಾಯಿಯ ಮಾತು ಬಂದರೆ ಅವನ ಬಾಯಿ ಕಟ್ಟಿಹೋಗುತ್ತಿತ್ತು.

ಆ ವರ್ಷದ ಸೂಟಿಯಲ್ಲಿ ಮಂಜಪ್ಪ ಹಟ ಹಿಡಿದ. ಕಲಘಟಗಿ ಕಡೆ ಅಡವಿಯ ಅಂಚಿನಲ್ಲೊಂದು ಕೆರೆ ಇತ್ತು. ಅದರ ನಡುವೆ ಆನೆಯಷ್ಟು ದೊಡ್ಡ ಬಂಡೆ. ಸಾಲೆಯ ಹುಡುಗರು ಅದನ್ನು ಹತ್ತಿ ಬಂದಿದ್ದರು.

"ಅಲ್ಲಿಗಿ ಹೋಗೂಣವ್ವಾ. ಒಂದ ಸಲ."

ರೇವವ್ವ ಬೇಡ ಅನ್ನಬೇಕಿತ್ತು. ಬಂಡೆಯ ಮಾತು ಕೇಳಿದ್ದೇ ಮಗನಿಗಿಂತ ಹೆಚ್ಚು ಆಸೆ ಅವಳಿಗೇ ಆಯಿತು. "ಮಧ್ಯಾಹ್ನದೊಳಗ ಬರತೀನಿ ಮಲಿಕಾಬಿ, ಅಷ್ಟು ನೋಡಕೋ" ಎಂದು ಅತ್ತೆಗೆ ನಸುಕಿನಲ್ಲೇ ಉಣಿಸಿ, ಮೈ ಒರೆಸಿ, ಹೊರಟುಬಿಟ್ಟಳು.

ಬತ್ತದ ಗದ್ದೆಗಳ ಬದುವಿನ ಮೇಲೆ ನಡೆದು, ತೇಗದ ಮರಗಳ ನಡುವೆ ಹಾಯ್ದು, ಒಣಗಿದ ಒಂದು ಹಳ್ಳ ದಾಟಿ ಮೂವರೂ ಕೆರೆ ಮುಟ್ಟಿದಾಗ ಬಿಸಿಲು ಏರಿತ್ತು. ನೀರು ತಣ್ಣಗಿತ್ತು. ಅನ್ನವ್ವ ಬುರುಡೆ ಬಿಚ್ಚಿ ದಂಡೆಯ ಮೇಲೆ ಇಟ್ಟಳು. "ಬರೇ ಹಂಗ ಬರತೀನವ್ವಾ" ಅಂದಳು. ತಾಯಿ ಒಂದು ಮಾರು ದೂರದಲ್ಲಿ ಜೊತೆಜೊತೆಗೇ ಈಸುತ್ತ, ಕೈ ಹಿಡಿಯದೆ, ಮಗಳನ್ನು ಬಂಡೆಯವರೆಗೆ ಕರೆದೊಯ್ದಳು. ಆಮೇಲೆ ಹಿಂದಿರುಗಿ ಮಂಜಪ್ಪನನ್ನು ಬುರುಡೆಯ ಸಮೇತ ಎಳೆದು ತಂದಳು. ಮೂವರೂ ಬಂಡೆಯ ನೆತ್ತಿಯ ಮೇಲೆ ಕಾಲು ಚಾಚಿ ಕುಳಿತರು. ಸುತ್ತ ಯಾರೂ ಇಲ್ಲ. ಯಾರೂ ಕರೆಯುತ್ತಿಲ್ಲ. ರೇವವ್ವನಿಗೆ ಕಿವಿಯೇ ಹಗುರಾದಂತೆ ಅನ್ನಿಸಿತು. ಕೂದಲು ಬಿಚ್ಚಿ ಒಣಗಿಸಿಕೊಂಡಳು. ಹೊತ್ತು ಹೋದದ್ದು ಅವಳಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಏಳುತ್ತಿದ್ದಳೋ ಇಲ್ಲವೋ.

ಪಶ್ಚಿಮದಲ್ಲಿ ಮೋಡ ಕಟ್ಟಿದ್ದನ್ನು ಮೊದಲು ಕಂಡವಳು ಅನ್ನವ್ವ. ದಂಡೆ ಸೇರುವಷ್ಟರಲ್ಲಿ ಅಡ್ಡಮಳೆ ಆಲಿಕಲ್ಲಿನ ಸಮೇತ ಸುರಿಯಿತು. ಬರುವಾಗ ಒಣಗಿದ್ದ ಹಳ್ಳ ಹೋಗುವಾಗ ಕೆಂಪಗೆ ತುಂಬಿ ಹರಿಯುತ್ತಿತ್ತು. ತಾನೊಬ್ಬಳೇ ಆಗಿದ್ದರೆ ರೇವವ್ವ ಈಸಿ ಬಿಡುತ್ತಿದ್ದಳು. ಮಕ್ಕಳ ಜೊತೆ ಆ ಸೆಳವಿಗೆ ಇಳಿಯುವ ಹಾಗಿರಲಿಲ್ಲ. ಇಬ್ಬರನ್ನೂ ಸೆರಗಿನೊಳಗೆ ಹಾಕಿಕೊಂಡು ಒಂದು ತೇಗದ ಬುಡಕ್ಕೆ ಕುಳಿತಳು. ಮಲಿಕಾಬಿಗೆ ಕೊಟ್ಟ ಮಾತು, ಅತ್ತೆಯ ಊಟ, ಒದ್ದೆಯಾಗಿರಬಹುದಾದ ಹಾಸಿಗೆ ಒಂದೊಂದಾಗಿ ನೆನಪಾಗತೊಡಗಿದವು. ಮಂಜಪ್ಪ ಚಳಿಗೆ ನಡುಗುತ್ತಲೇ ನಕ್ಕ. "ಅವ್ವಾ, ಇದೂ ಒಂದ ಆಟದ ಹಂಗ ಐತಿ." ಅವಳಿಗೆ ನಗು ಬರಲಿಲ್ಲ.

ನೀರು ಇಳಿದು, ಹಳ್ಳ ದಾಟಿ, ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ಜನ ಸೇರಿದ್ದರು. ಮಲಿಕಾಬಿ ಅಳುತ್ತ ಬಂದು ಕೈ ಹಿಡಿದಳು. "ಮಧ್ಯಾಹ್ನ ತನಕಾ ಕುಂತೆ ರೇವಕ್ಕಾ. ನಮ್ಮ ಮನಿಯೊಳಗ ಒಲಿ ಹೊತ್ತಿಸಿ ಬಂದರಾತು ಅಂತ ಹೋದೆ. ಬಂದು ನೋಡಿದ್ರ ಮುದುಕಿ ನೆಲದ ಮ್ಯಾಲೆ..."

ಮಲ್ಲಕ್ಕನ ಒಡೆದ ಹಣೆಗೆ ಅರಿಸಿನ ಮೆತ್ತಿದ್ದರು. ನೀರು ಕುಡಿಯಲು ಏಳಹೋಗಿ ಬಿದ್ದಳೆಂದು ಎಲ್ಲರೂ ಆಡಿಕೊಂಡರು. ಈರಬಸಪ್ಪ ಹೆಂಡತಿಯ ಒದ್ದೆ ಕೂದಲು ನೋಡಿದ, ಮಕ್ಕಳನ್ನು ನೋಡಿದ. ಅವನು ಕೂಗಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಇನ್ನ ಸಾಕ ಮಾಡು ರೇವಾ" ಎಂದಷ್ಟೇ ಅಂದ. ಬುರುಡೆಗಳನ್ನು ತಾನೇ ಅಟ್ಟಕ್ಕೆ ಎಸೆದ.

ಅಲ್ಲಿಂದ ಮುಂದೆ ಬಾವಿಯೂ ಇಲ್ಲ, ಹಿತ್ತಲಿನ ಆಟವೂ ಇಲ್ಲ. ಮಕ್ಕಳು ಬಂದು ಕರೆದರೆ "ಕೆಲಸೈತಿ ಹೋಗ್ರಿ" ಅನ್ನುವಳು. ಮಳೆಗಾಲ ಕಳೆಯಿತು. ನಡುಮನೆಯ ಸಣ್ಣ ಕಿಟಕಿಯಲ್ಲಿ ಬೆಳಕು ಬಂದು ಹೋಗುವುದನ್ನು ನೋಡುತ್ತ ಅತ್ತೆ ಸೊಸೆ ಇಬ್ಬರೂ ದಿನ ದೂಡಿದರು. ರೊಟ್ಟಿ ಬಡಿಯುವಾಗ ಕೆಲವೊಮ್ಮೆ ರೇವವ್ವನ ಕಾಲು ತನಗೆ ತಾನೇ ನೆಲದ ಮೇಲೆ ಕುಣಿಯುತ್ತಿತ್ತು. ಕಂಡ ಕೂಡಲೇ ಅದನ್ನು ಮಡಚಿ ತೊಡೆಯ ಕೆಳಗೆ ಹಾಕಿಕೊಳ್ಳುತ್ತಿದ್ದಳು.

ದೀಪಾವಳಿಯ ಮುಂದೆ ಒಂದು ದಿನ ಸಾರಿಸಲು ಸೆಗಣಿ ತರಲು ಹೋದವಳು ಬೇಗನೆ ಮರಳಿದಳು. ನಡುಮನೆಯ ಬಾಗಿಲಲ್ಲೇ ಅವಳ ಕಾಲು ಕಟ್ಟಿತು. ಮಲ್ಲಕ್ಕ ನಿಂತಿದ್ದಳು. ಎಡಗೈಯಿಂದ ಕಂಬ ತಬ್ಬಿ, ಬಿದ್ದ ಕಾಲನ್ನು ಎಳೆದುಕೊಂಡು, ಸೆಟೆದು, ಮೈಯೆಲ್ಲ ನಡುಗುತ್ತ ನಿಂತಿದ್ದಳು. ರೇವವ್ವ ಹಾರಿ ಹಿಡಿಯದಿದ್ದರೆ ಹಣೆ ಮತ್ತೆ ಒಡೆಯುತ್ತಿತ್ತು.

ಮಲಗಿಸಿ, ಬೆವರು ಒರೆಸಿ, ರೇವವ್ವ ಮೆಲ್ಲಗೆ ಕೇಳಿದಳು. "ಅತ್ತೀ, ಅವತ್ತೂ ಹಿಂಗ ಎದ್ದಿದ್ರೇನ್ರಿ? ನೀರಿಗಲ್ಲಾ?"

ಮಲ್ಲಕ್ಕ ತೊದಲಿದಳು. "ಮನ್ಯಾಗ ಯಾರೂ ಇರಲಿಲ್ಲ. ಎದ್ದ ನೋಡೂಣು ಅನಸ್ತು." ಮತ್ತೆ ಅಂದಳು, "ಅವಗ ಹೇಳಬ್ಯಾಡ. ಹೇಳಿದ್ರ ಕಟ್ಟಿ ಹಾಕತಾನ."

ರೇವವ್ವನಿಗೆ ಎದೆಯಲ್ಲಿ ಸಿಟ್ಟು ಉಕ್ಕಿ ಬಂತು. ಇಷ್ಟು ತಿಂಗಳು ತಾನು ಹೊತ್ತ ಅಪವಾದ ಈ ಮುದುಕಿಯ ಒಂದು ಮಾತಿನಿಂದ ಇಳಿಯುತ್ತಿತ್ತು. ಗಂಡನಿಗೆ ಹೇಳಿದರೆ ನಾಳೆಯೇ ಮಕ್ಕಳ ಜೊತೆ ಬಾವಿಗೆ ಹೋಗಬಹುದು. ಆದರೆ ಹೊರಸಿಗೆ ಹಗ್ಗದಿಂದ ಬಿಗಿಸಿಕೊಂಡ ಅತ್ತೆ ಕಣ್ಣ ಮುಂದೆ ಬಂದಳು. ಅವಳು ಸಿಟ್ಟಿನಲ್ಲೇ ಅಂದಳು.

"ಕಂಬಾ ಹಿಡದು ಜಗ್ಗಿ ಏಳಬಾರದ್ರಿ. ಮೊದಲ ಮುಂದಕ್ಕ ಬಾಗಬೇಕು. ಭಾರ ಕಾಲಿಗಿ ಬಂದ ಮ್ಯಾಲೆ ಏಳಬೇಕು. ಖೋ ಕೊಟ್ಟಾಗ ನಾವು ಹಂಗ ಏಳೂದು."

ಮರುದಿನದಿಂದ, ಈರಬಸಪ್ಪ ಹೊಲಕ್ಕೆ ಹೋದ ಮೇಲೆ, ನಡುಮನೆಯಲ್ಲಿ ಆಟ ಸುರುವಾಯಿತು. ಸಾಲೆಯಿಂದ ಬಂದ ಅನ್ನವ್ವ ಒಂದು ಬಗಲಿಗೆ, ರೇವವ್ವ ಇನ್ನೊಂದು ಬಗಲಿಗೆ. ಮಂಜಪ್ಪ ಎದುರಿಗೆ ನಿಂತು ಖೋ ಅನ್ನುವನು. "ಆಯಿ, ಏಳು! ಔಟ್ ಆಗ್ತಿ ನೋಡು!" ಮಲ್ಲಕ್ಕ ಅವನಿಗೆ ಬಾಯಿ ತುಂಬ ಬೈಯುತ್ತ ಏಳುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಕಂಬ ಬಿಟ್ಟು ಹಿತ್ತಲ ಬಾಗಿಲಿನ ಹೊಸ್ತಿಲವರೆಗೆ ಬಂದಳು. ಹೊಸ್ತಿಲ ಮೇಲೆ ಕುಳಿತು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹುಣಸೆಮರವನ್ನು ನೋಡಿದಳು. ಈರಬಸಪ್ಪ ಹಬ್ಬದ ಸಾಮಾನು ಹೊತ್ತು ಬಂದವನು ತಾಯಿಯನ್ನು ಅಲ್ಲಿ ಕಂಡು ಗೋಣಿಚೀಲ ಕೆಳಗೆ ಬಿಟ್ಟ.

ಮಲ್ಲಕ್ಕ ಹೊಸ್ತಿಲವರೆಗೆ ನಡೆದು ಬರುವ ಆ ಸುಖ ಒಂದು ಬೇಸಿಗೆಯಷ್ಟೇ. ಮಳೆಗಾಲದಲ್ಲಿ ಎರಡನೆಯ ಸಲ ಲಕ್ವಾ ಹೊಡೆದು ಮಲ್ಲಕ್ಕ ಮತ್ತೆ ಹೊರಸು ಹಿಡಿದಳು. ಈ ಸಲ ಮಾತೂ ಹೋಯಿತು. ಕೂಗುವ ಬದಲು ಎಡಗೈಯಿಂದ ಹೊರಸಿನ ಕಾಲು ಬಡಿಯುತ್ತಿದ್ದಳು. ಮಂಜಪ್ಪನಿಗೆ ಓಣಿಯ ಹುಡುಗರು ಸಿಕ್ಕರು. ತಾಯಿಯ ಜೊತೆ ಆಡುವುದಕ್ಕೆ ಅವನಿಗೆ ನಾಚಿಕೆಯಾಗತೊಡಗಿತು. ಅನ್ನವ್ವ ದೊಡ್ಡವಳಾದಳು. ಅದರ ಮರುವರ್ಷ ಅವಳ ಸಾಲೆಯ ಖೋ ಖೋ ತಂಡ ಧಾರವಾಡಕ್ಕೆ ಆಯ್ಕೆಯಾಯಿತು.

ಈರಬಸಪ್ಪ ತಾಯಿಯ ಹೊರಸಿನ ಹತ್ತಿರ ಕುಳಿತಿದ್ದ. "ದೊಡ್ಡಾಕಿ ಆದ ಹುಡುಗಿ ರೇವಾ. ಮಂದಿ ಏನಂದಾರು?"

ರೇವವ್ವ ಅತ್ತೆಯ ಬಾಯಿಗೆ ಗಂಜಿ ಹಾಕುತ್ತಿದ್ದಳು. ಚಮಚ ಕೆಳಗಿಟ್ಟಳು.

"ನಾ ಈ ಮನಿ ಬಿಟ್ಟ ಎಲ್ಲೂ ಹೋಗಂಗಿಲ್ರಿ. ಇಲ್ಲೇ ಇರತೀನಿ. ನನ್ನ ಸಂಗಾಟ ಆಕೀನ್ನೂ ಕಟ್ಟಬ್ಯಾಡ್ರಿ."

ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಅಭ್ಯಾಸದಂತೆ ತಾಯಿಯ ಮುಖ ನೋಡಿದ. ಮಲ್ಲಕ್ಕ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಆಮೇಲೆ ಗೋಡೆಯ ಕಡೆ ಹೊರಳಿದಳು. ಹೂಂ ಅಂದದ್ದೋ ಬೇಡ ಅಂದದ್ದೋ ಯಾರಿಗೆ ಗೊತ್ತು. ಈರಬಸಪ್ಪ ಮರುದಿನ ಮಗಳನ್ನು ತಾನೇ ಧಾರವಾಡಕ್ಕೆ ಕರೆದೊಯ್ದ.

ತಂಡ ಎರಡನೆಯ ಪಂದ್ಯದಲ್ಲೇ ಸೋತಿತು. ಮರಳಿ ಬಂದ ಅನ್ನವ್ವ ಕಾಲು ತೊಳೆಯದೆ ತಾಯಿಯ ಪಕ್ಕದಲ್ಲಿ ಚಾಪೆಯ ಮೇಲೆ ಉರುಳಿದಳು. ಮೊಣಕಾಲು ತರಚಿತ್ತು. ರೇವವ್ವ ಕೊಬ್ಬರಿ ಎಣ್ಣೆ ಹಚ್ಚುತ್ತ ಒಂದೇ ಸಮನೆ ಕೇಳಿದಳು. ಮೈದಾನದ ಮಣ್ಣು ಕರಿದೋ ಕೆಂಪೋ, ಕಂಬಗಳು ಎತ್ತರವೋ, ಎದುರಿನ ಹುಡುಗಿಯರು ಹೇಗೆ ತಿರುಗುತ್ತಿದ್ದರು, ನೋಡುವ ಮಂದಿ ಎಷ್ಟಿದ್ದರು.

"ಮಣ್ಣು ಕೆಂಪಗಿತ್ತವ್ವಾ. ಮೆತ್ತಗ... ಬಿದ್ರೂ ನೋಯಂಗಿಲ್ಲ..." ಅನ್ನುವಷ್ಟರಲ್ಲಿ ಹುಡುಗಿಗೆ ನಿದ್ದೆ ಹತ್ತಿತು.

ರೇವವ್ವ ಎಬ್ಬಿಸಲಿಲ್ಲ. ಮಗಳ ಅಂಗಾಲಿಗೆ ಹತ್ತಿದ್ದ ಧಾರವಾಡದ ಕೆಂಪು ಮಣ್ಣನ್ನು ಬೆರಳಿನಿಂದ ಕೆರೆದು, ಚಿಟಿಕೆಯಲ್ಲಿ ಹಿಡಿದು, ಉಜ್ಜಿ ನೋಡುತ್ತ ಕುಳಿತಳು.