ಏಳನೇ ಶಾಖೆ ಎಲ್ಲಿಗೆ ಹೋಯಿತು

ಟೈಲರಮ್ಮನ ಅಂಗಡಿಗೆ ಬೋರ್ಡು ಇಲ್ಲ. ಬಾಗಿಲಿಗೆ ತಗುಲಿಹಾಕಿದ ಎರಡು ಅಂಗಿ, ಒಳಗೆ ಬೆಳಗಿನಿಂದ ಸಂಜೆಯವರೆಗೆ ಕಟಕಟ ಎನ್ನುವ ಹೊಲಿಗೆ ಯಂತ್ರ, ಇಷ್ಟೇ ಗುರುತು. ಐವತ್ತೆರಡು ವರ್ಷದ ಆ ಹೆಂಗಸು ಯಾರ ಅಳತೆಯನ್ನಾದರೂ ಬರೆದಿಟ್ಟುಕೊಂಡದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. ಟೇಪು ಹಿಡಿದು ಕತ್ತು, ಭುಜ, ಎದೆ, ಸೊಂಟ, ತೋಳು ಎಂದು ಒಂದು ಸಲ ಬಾಯಲ್ಲೇ ಹೇಳಿಕೊಂಡರೆ ಮುಗಿಯಿತು. ಆರು ತಿಂಗಳು ಬಿಟ್ಟು ಬಂದ ಗಿರಾಕಿಗೂ, ಟೇಪು ಮುಟ್ಟುವ ಮೊದಲೇ, "ಸೊಂಟ ಎರಡಿಂಚು ಮುಂದೆ ಹೋಗಿದೆಯಲ್ಲ" ಎಂದು ಎಲ್ಲರೆದುರಿಗೆ ಹೇಳಿಬಿಡುತ್ತಿದ್ದರು.

ಇದು ತಂದೆಯಿಂದ ಬಂದದ್ದು. ತಂದೆಯೂ ದರ್ಜಿ, ಅಂಕಿ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅಳತೆ ಕೂಗುವುದು ಅವರ ಕೆಲಸ, ನೆನಪಿಡುವುದು ಪಕ್ಕದಲ್ಲಿ ನಿಂತ ಎಂಟು ವರ್ಷದ ಮಗಳ ಕೆಲಸ. ಒಂದು ಅಂಕಿ ತಪ್ಪಿದರೆ ಒಂದು ಅಂಗಿ ಕೆಡುತ್ತದೆ ಎಂದು ಗೊತ್ತಿದ್ದ ಮಗು ತಪ್ಪದೆ ಬೆಳೆಯಿತು. ಮದುವೆಯಾದ ಮೇಲೆ ಅದೇ ವಿದ್ಯೆಯಿಂದ ಸಂಸಾರದಲ್ಲೂ ಟೈಲರಮ್ಮ ಹೆಸರು ಮಾಡಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಹೇಳುತ್ತಿದ್ದ ಮಾತು: "ಇವಳ ಜೊತೆ ಜಗಳ ಆಡೋಕೆ ಹೋಗ್ಬೇಡಿ. ಹನ್ನೆರಡು ವರ್ಷದ ಹಿಂದೆ ನಾನೇನಂದೆ ಅನ್ನೋದನ್ನ ವಾರದ ಸಮೇತ ಹೇಳ್ತಾಳೆ."

ಅಂಗಡಿಯ ಎದುರಿಗೇ ನೀರು ಸರಬರಾಜು ಮಂಡಳಿಯ ಏಳನೇ ಶಾಖೆ ಇತ್ತು. ಎರಡು ಕೋಣೆ, ಕಬ್ಬಿಣದ ಜಾಲರಿಯ ಒಂದು ಕಿಟಕಿ, ಕಿಟಕಿಯ ಆಚೆ ಒಬ್ಬ ಗುಮಾಸ್ತ. ಒಂದು ಸೋಮವಾರ ಬೆಳಿಗ್ಗೆ ಟೈಲರಮ್ಮ ಅಂಗಡಿಯ ಬಾಗಿಲು ತೆಗೆದು ನೋಡಿದರೆ ಶಾಖೆಗೆ ಬೀಗ, ಬೀಗದ ಮೇಲೊಂದು ಕಾಗದ: "ಮಂಡಳಿಯ ಪುನರ್ರಚನೆಯ ಪ್ರಯುಕ್ತ ಈ ಶಾಖೆಯನ್ನು ವಿಲೀನಗೊಳಿಸಲಾಗಿದೆ. ಸಾರ್ವಜನಿಕರು ಸಂಬಂಧಪಟ್ಟ ಶಾಖೆಯನ್ನು ಸಂಪರ್ಕಿಸತಕ್ಕದ್ದು." ಸಂಬಂಧಪಟ್ಟ ಶಾಖೆ ಯಾವುದು ಎಂದು ಕಾಗದ ಬಾಯಿ ಬಿಟ್ಟಿರಲಿಲ್ಲ.

ಬಂದವರೆಲ್ಲ ಕಾಗದ ಓದಿ, ಸುತ್ತ ನೋಡಿ, ತೆರೆದಿದ್ದ ಒಂದೇ ಬಾಗಿಲಿಗೆ ಬರುತ್ತಿದ್ದರು. "ಈ ಆಫೀಸು ಎಲ್ಲಿ ಹೋಯ್ತಮ್ಮಾ?" ದಿನಕ್ಕೆ ಮೂವತ್ತು ಜನ. ಪ್ರತಿ ಪ್ರಶ್ನೆಗೂ ಯಂತ್ರ ನಿಲ್ಲಿಸಬೇಕು, ಮತ್ತೆ ಹೊಲಿಗೆ ಹಿಡಿಯಬೇಕು. ಎಂಟನೇ ದಿನ ಬೀದಿಯ ಮೂಲೆಯಲ್ಲಿ ಪೈಪು ಒಡೆಯಿತು. ಅಲ್ಲಿಗೆ ಪ್ರಶ್ನೆ ಅರವತ್ತಾಯಿತು.

ಶಾಖೆಯಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದವನಿಗೂ ಶಾಖೆ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅವನಿಗೆ ಬಂದ ಆದೇಶದಲ್ಲಿ "ವಿಲೀನಗೊಂಡ ಶಾಖೆಯಲ್ಲಿ ಹಾಜರಾಗುವುದು" ಎಂದಷ್ಟೇ ಇತ್ತು. ಪಾಪದ ಮನುಷ್ಯ, ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಕೊಂಡವನಲ್ಲ. ಹತ್ತಕ್ಕೆ ಬಂದು ಟೈಲರಮ್ಮನ ಬೆಂಚಿನ ಮೇಲೆ ಕೂರುತ್ತಿದ್ದ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಸಹಿ ಹಾಕುತ್ತಿದ್ದ, ಐದಕ್ಕೆ ಎದ್ದು ಹೋಗುತ್ತಿದ್ದ.

"ಆ ಪೈಪಿನ ವಾಲ್ವು ತಿರುಗಿಸೋದಕ್ಕೆ ಎಷ್ಟು ಹೊತ್ತು ಬೇಕು ನಿನಗೆ?" ಎಂದು ಟೈಲರಮ್ಮ ಕೇಳಿದರು.

"ಹತ್ತು ನಿಮಿಷ ಅಕ್ಕ. ಆದರೆ ವಾಲ್ವಿನ ಕೀಲಿ ಆಫೀಸೊಳಗಿದೆ. ಆಫೀಸಿನ ಕೀಲಿ ಯಾರ ಹತ್ತಿರ ಇದೆ ಅಂತ ಪುನರ್ರಚನೆ ಮಾಡಿದವರಿಗೇ ಗೊತ್ತು."

"ಪುನರ್ರಚನೆ ಮಾಡಿದವರು ಯಾರು?"

"ಅದು ವರದಿಯಲ್ಲಿದೆಯಂತೆ."

ಮೂರನೇ ಮನೆಯ ನಿವೃತ್ತ ಮೇಷ್ಟ್ರು ಅಂದು ಪ್ಯಾಂಟಿನ ಅಂಚು ಮಡಿಸಲು ಕೊಟ್ಟು ಕಾಯುತ್ತಿದ್ದರು. "ಅರ್ಜಿ ಹಾಕಮ್ಮ," ಎಂದರು ಕನ್ನಡಕದ ಮೇಲಿಂದ ನೋಡುತ್ತ. "ಮಾಹಿತಿ ಕೇಳೋ ಹಕ್ಕು ಇದೆ ನಿನಗೆ. ನಾನು ಬರೆದುಕೊಡ್ತೀನಿ."

ಟೈಲರಮ್ಮನಿಗೆ ಹಕ್ಕಿನ ಹಂಬಲ ಏನೂ ಇರಲಿಲ್ಲ. ಶಾಖೆ ಇಂಥ ಕಡೆ ಇದೆ ಎಂದು ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿಬಿಟ್ಟರೆ ನೆಮ್ಮದಿಯಾಗಿ ಹೊಲಿಯಬಹುದು, ಅಷ್ಟೇ. ಹಾಗಾಗಿ ಅರ್ಜಿ ಒಂದೇ ಸಾಲಿನದಾಯಿತು: "ನಮ್ಮ ಎದುರಿಗಿದ್ದ ಏಳನೇ ಶಾಖೆ ಎಲ್ಲಿಗೆ ಹೋಯಿತು?"

ಸರಿಯಾಗಿ ಮೂವತ್ತನೇ ದಿನ ಉತ್ತರ ಬಂತು. "ತಾವು ಕೋರಿರುವ ಮಾಹಿತಿಯು ಪ್ರಶ್ನೆಯ ರೂಪದಲ್ಲಿರುತ್ತದೆ. ಪ್ರಶ್ನೆಗಳಿಗೆ ಉತ್ತರಿಸಲು ಅವಕಾಶವಿರುವುದಿಲ್ಲ. ದಾಖಲೆ ಕೋರತಕ್ಕದ್ದು." ಮೇಷ್ಟ್ರು ದಾಖಲೆ ಕೋರಿದರು. ಮತ್ತೆ ಮೂವತ್ತು ದಿನ. "ದಾಖಲೆಯ ಸಂಖ್ಯೆ ನಮೂದಿಸಿರುವುದಿಲ್ಲ." ದಾಖಲೆಗಳ ಪಟ್ಟಿ ಕೊಡಿ ಎಂದು ಕೇಳಿದರು. "ಪಟ್ಟಿಯು ಪುನರ್ರಚನಾ ವರದಿಯ ಅನುಬಂಧವಾಗಿದ್ದು, ವರದಿಯು ಇನ್ನೂ ಕರಡು ಹಂತದಲ್ಲಿರುವುದರಿಂದ ಬಹಿರಂಗಪಡಿಸಲಾಗದು."

"ಕರಡು ಹಂತದಲ್ಲಿರೋ ವರದಿಗೆ ಇಷ್ಟು ದೊಡ್ಡ ಬೀಗ ಹಾಕಿದಾರಲ್ಲ ಮೇಷ್ಟ್ರೇ," ಎಂದರು ಟೈಲರಮ್ಮ. ಅಷ್ಟರಲ್ಲಿ ಒಡೆದ ಪೈಪಿನ ನೀರು ಅಂಗಡಿಯ ಮೆಟ್ಟಿಲಿಗೆ ಬಂದು, ಬಿದ್ದಿದ್ದ ಚೂರುಬಟ್ಟೆಗಳೆಲ್ಲ ತೇಲತೊಡಗಿದ್ದವು. ಗಿರಾಕಿಗಳು ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದರು. ಟೈಲರಮ್ಮನಿಗೆ ಮೊದಲ ಬಾರಿಗೆ ನಿಜವಾದ ಸಿಟ್ಟು ಬಂತು. ಅಂಗಡಿ ಮುಚ್ಚಿ, ಹೊಸ ಚಪ್ಪಲಿ ಹಾಕಿಕೊಂಡು, ಮೇಲ್ಮನವಿ ಹಿಡಿದು ಪ್ರಧಾನ ಕಚೇರಿಗೆ ತಾವೇ ಹೋದರು.

ಮಾಹಿತಿ ಅಧಿಕಾರಿ ಸಭ್ಯರು. ಎದ್ದು ನಿಂತು ಕುರ್ಚಿ ತೋರಿಸಿದರು.

"ನೋಡಿ ಮೇಡಂ, ನಾವು ಯಾವುದನ್ನೂ ಮುಚ್ಚಿಡೋದಿಲ್ಲ. ವರದಿ ಅಂತಿಮ ಆಗಿಲ್ಲ, ಅಷ್ಟೇ."

"ಆದರೆ ಜಾರಿಗೆ ಬಂದುಬಿಟ್ಟಿದೆಯಲ್ಲ ಸಾರ್?"

"ಜಾರಿಗೆ ಬಂದಿದೆ. ಅಂತಿಮ ಆಗಿಲ್ಲ."

"ನಾನು ಅಳತೆ ಮುಗಿಯೋ ಮೊದಲೇ ಬಟ್ಟೆ ಕತ್ತರಿಸಿದ್ರೆ ಗಿರಾಕಿ ಸುಮ್ಮನೆ ಬಿಡ್ತಾರಾ?"

ಅಧಿಕಾರಿ ನಕ್ಕರು. ಈ ಹೆಂಗಸು ವಾರಕ್ಕೆ ಮೂರು ಸಲ ಬಂದು ಕೂರುವವಳು ಎಂದು ಅವರಿಗೆ ಮುಖ ನೋಡಿಯೇ ಗೊತ್ತಾಗಿರಬೇಕು. ಮೇಲಿನವರನ್ನು ಕೇಳಿ ಹದಿನೈದು ದಿನದಲ್ಲಿ ಒಂದು ದಾರಿ ಮಾಡಿದರು: ವರದಿಯ ಪ್ರತಿ ಕೊಡುವಂತಿಲ್ಲ, ಪರಿಶೀಲನೆ ಮಾಡಬಹುದು. ದಿನಕ್ಕೆ ಅರ್ಧ ಗಂಟೆ, ಐದು ದಿನ. ಪೆನ್ನು, ಕಾಗದ, ಫೋನು ಒಳಗೆ ತರುವಂತಿಲ್ಲ. ಇನ್ನೂರ ಹದಿನೆಂಟು ಪುಟದ ವರದಿಯನ್ನು ಹಾಗೆ ಓದಿ ಯಾರು ಏನು ಹೊತ್ತೊಯ್ದಾರು ಎಂಬ ಧೈರ್ಯ ಆ ಪತ್ರದ ಪ್ರತಿ ಸಾಲಿನಲ್ಲೂ ಇತ್ತು.

ಓದುವ ಕೋಣೆಯೆಂದರೆ ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಉಗ್ರಾಣ. ಮಧ್ಯೆ ಒಂದು ಮೇಜು, ಮೇಜಿನ ಆಚೆ ಕಾವಲಿಗೆ ಕೂತ ಗುಮಾಸ್ತೆ. ಟೈಲರಮ್ಮನ ಚೀಲ ತಪಾಸಣೆ ಮಾಡಿದಾಗ ಸಿಕ್ಕಿದ್ದು ಅಳತೆ ಟೇಪು ಒಂದೇ. ನಿಷೇಧದ ಪಟ್ಟಿಯಲ್ಲಿ ಟೇಪು ಇರಲಿಲ್ಲ. ಅದನ್ನು ಕೊರಳಿಗೆ ಹಾಕಿಕೊಂಡು ಅವರು ಓದಲು ಕೂತರು.

ಮೊದಲ ದಿನ ಏನೂ ತಲೆಗೆ ಹತ್ತಲಿಲ್ಲ. "ಸಂಯೋಜಿತ ಸಾಮರ್ಥ್ಯವರ್ಧನೆಯ ದೃಷ್ಟಿಯಿಂದ" ಎಂದು ಶುರುವಾದ ವಾಕ್ಯ ಎರಡು ಪುಟ ದಾಟಿದರೂ ಕ್ರಿಯಾಪದ ಸಿಗಲಿಲ್ಲ. ಸೋತ ಮುಖ ಮಾಡಿಕೊಂಡು ಮನೆಗೆ ಬಂದು ಗಂಡನ ಎದುರು ಕೂತರು. "ನನ್ನ ಕೈಲಾಗಲ್ಲ ಕಣ್ರೀ. ಬರೀ ಮಾತು."

"ಮಾತು ಬಿಟ್ಟುಬಿಡು. ನಿಂಗ್ಯಾಕೆ ಮಾತು? ಅಂಕಿ ಹಿಡ್ಕೋ," ಎಂದ ಗಂಡ, ತಟ್ಟೆಯಿಂದ ತಲೆಯೆತ್ತದೆ.

ಮರುದಿನದಿಂದ ಅವರು ವಾಕ್ಯಗಳ ಗೋಜಿಗೇ ಹೋಗಲಿಲ್ಲ. ಕೋಷ್ಟಕಗಳನ್ನು ಮಾತ್ರ ಹುಡುಕಿದರು. ಇಡೀ ಮಂಡಳಿಯನ್ನು ಒಂದು ಅಂಗಿ ಎಂದುಕೊಂಡು, ಆಡಳಿತವನ್ನು ಕಾಲರಿಗೆ, ಅಧಿಕಾರಿಗಳನ್ನು ಭುಜಕ್ಕೆ, ಶಾಖೆಗಳನ್ನು ಎದೆಗೆ, ನೀರು ಬಿಡುವವರನ್ನೂ ಪೈಪು ರಿಪೇರಿಯವರನ್ನೂ ತೋಳಿಗೆ ಹಾಕಿ, ಪುಟದ ಸಂಖ್ಯೆ ಸಮೇತ ಅಂಕಿಗಳನ್ನು ತುಟಿಯಲ್ಲೇ ಹೇಳಿಕೊಂಡರು.

"ಏನಮ್ಮಾ, ಪ್ರಾರ್ಥನೆನಾ?" ಎಂದಳು ಗುಮಾಸ್ತೆ.

"ಅಳತೆ."

ಗುಮಾಸ್ತೆ ಸ್ವಲ್ಪ ಹೊತ್ತು ಅವರ ತುಟಿಯನ್ನೇ ನೋಡಿದಳು. ಅವಳಿಗೆ ವಿಷಯ ಹೊಳೆಯಿತೆಂದು ಟೈಲರಮ್ಮನಿಗೂ ಹೊಳೆಯಿತು. ಆಮೇಲೆ ಗುಮಾಸ್ತೆ ತನ್ನ ಕೋಟಿನ ತೋಳು ಎತ್ತಿ, "ಇದು ಕಂಕುಳಲ್ಲಿ ಹಿಡಿಯುತ್ತೆ, ಬಿಡಿಸೋಕೆ ಆಗುತ್ತಾ?" ಎಂದು ಕೇಳಿದಳು. ಒಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದಾರೆ, ಆಗುತ್ತೆ ಎಂದರು ಟೈಲರಮ್ಮ. ಅಂದು ಗೋಡೆಯ ಗಡಿಯಾರದಲ್ಲಿ ಅರ್ಧ ಗಂಟೆ ಮುಗಿಯಲು ಐವತ್ತು ನಿಮಿಷ ಹಿಡಿಯಿತು.

ಪ್ರತಿದಿನ ಮಧ್ಯಾಹ್ನ ಅಂಗಡಿಯಲ್ಲಿ ಟೈಲರಮ್ಮ ಹೇಳುವುದು, ಮೇಷ್ಟ್ರು ಬರೆದುಕೊಳ್ಳುವುದು. ನೀರು ಬಿಡುವವನು ಬೆಂಚಿನ ತುದಿಗೆ ಬಂದು ಕಿವಿಗೊಡುತ್ತಿದ್ದ.

"ಭುಜ, ಪುಟ ಮೂವತ್ತೊಂದು. ಉಪನಿರ್ದೇಶಕರು, ಮೊದಲು ಆರು, ಈಗ ಹದಿನೇಳು. ತೋಳು, ಪುಟ ಎಪ್ಪತ್ತು. ಪೈಪು ರಿಪೇರಿಯವರು, ಮೊದಲು ತೊಂಬತ್ತಾರು, ಈಗ ನಲವತ್ತು."

ಮೇಷ್ಟ್ರು ಪೆನ್ನು ನಿಲ್ಲಿಸಿದರು. "ಇದೇನಮ್ಮ ಇದು?"

"ಭುಜ ಆನೆಗೆ ಹೊಲಿದ ಹಾಗಿದೆ ಮೇಷ್ಟ್ರೇ. ತೋಳು ಗೊಂಬೆಗೆ."

ನಾಲ್ಕನೇ ದಿನ ಏಳನೇ ಶಾಖೆ ಸಿಕ್ಕಿತು. ಪುಟ ನಲವತ್ತಾರರಲ್ಲಿ ಏಳನೇ ಶಾಖೆಯನ್ನು ಹನ್ನೊಂದನೇ ಶಾಖೆಯಲ್ಲಿ ವಿಲೀನಗೊಳಿಸಲಾಗಿತ್ತು. ಟೈಲರಮ್ಮ ಸಂತೋಷದಿಂದ ಎದ್ದೇಬಿಡುತ್ತಿದ್ದರು. ಆದರೆ ಇನ್ನೂ ಹತ್ತು ನಿಮಿಷ ಇದೆಯಲ್ಲ ಎಂದು ಪುಟ ತಿರುವಿದರು. ಪುಟ ನೂರ ಹನ್ನೆರಡರಲ್ಲಿ ಹನ್ನೊಂದನೇ ಶಾಖೆಯನ್ನು ಏಳನೇ ಶಾಖೆಯಲ್ಲಿ ವಿಲೀನಗೊಳಿಸಲಾಗಿತ್ತು.

ಇದನ್ನು ಕೇಳಿ ನೀರು ಬಿಡುವವನು ಬೆಂಚಿನಿಂದ ಎದ್ದುನಿಂತ. "ಅಂದ್ರೆ ಅಕ್ಕ," ಎಂದ, "ಅಲ್ಲಿಯವನೂ ಯಾರದೋ ಬೆಂಚಿನ ಮೇಲೆ ಕೂತಿರ್ತಾನೆ."

ಹೋಗಿ ನೋಡಿದರೆ ಹೌದು. ಊರಿನ ಇನ್ನೊಂದು ತುದಿಯ ಹನ್ನೊಂದನೇ ಶಾಖೆಗೂ ಅಂಥದೇ ಬೀಗ, ಅಂಥದೇ ಕಾಗದ. ಅಲ್ಲಿಯ ನೀರು ಬಿಡುವವನು ಎದುರಿನ ಕ್ಷೌರದಂಗಡಿಯಲ್ಲಿ ಕೂತು ದಿನಕ್ಕೊಮ್ಮೆ ಗಡ್ಡ ಮಾಡಿಸಿಕೊಳ್ಳುತ್ತಿದ್ದ.

ಮೇಷ್ಟ್ರು ಎಲ್ಲವನ್ನೂ ದೊಡ್ಡ ಹಾಳೆಯ ಮೇಲೆ ದುಂಡಕ್ಷರದಲ್ಲಿ ಬರೆದರು. ಟೈಲರಮ್ಮ ಅದನ್ನು ಅಂಗಡಿಯ ಹೊರಗೋಡೆಗೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿದರು. ಇನ್ನು ಯಾರಾದರೂ ಕೇಳಿದರೆ ಯಂತ್ರ ನಿಲ್ಲಿಸದೆ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸುವುದು. ಜನ ಓದಿದರು, ನಕ್ಕರು, ಫೋನಿನಲ್ಲಿ ಫೋಟೋ ತೆಗೆದರು. ವಾರದೊಳಗೆ ಆ ಹಾಳೆ ಊರೆಲ್ಲ ಸುತ್ತಿ ಮಂಡಳಿಯ ಅಧ್ಯಕ್ಷರ ಫೋನಿಗೂ ಬಂತು.

ಪ್ರಧಾನ ಕಚೇರಿಯಲ್ಲಿ ಅಲ್ಲೋಲಕಲ್ಲೋಲ. ವರದಿ ಸೋರಿದ್ದು ಹೇಗೆ? ತನಿಖೆಗೆ ಸಮಿತಿಯಾಯಿತು. ನಾಲ್ಕು ತಿಂಗಳಿಂದ ಬೀದಿಯಲ್ಲಿ ಸೋರುತ್ತಿದ್ದ ಪೈಪಿಗೆ ಆಗದ ಸಮಿತಿ ಇದಕ್ಕೆ ಒಂದೇ ದಿನದಲ್ಲಿ ಆಯಿತು. ಜೆರಾಕ್ಸ್ ಯಂತ್ರಗಳ ಲೆಕ್ಕ ನೋಡಿದರು, ಬೀಗಗಳನ್ನು ಬದಲಿಸಿದರು. ಕೊನೆಗೆ ಟೈಲರಮ್ಮನಿಗೆ ಕರೆ ಬಂತು. ಮೂವರು ಕೂತಿದ್ದರು, ಮಾಹಿತಿ ಅಧಿಕಾರಿ ಬದಿಯಲ್ಲಿ ತಲೆ ತಗ್ಗಿಸಿದ್ದರು.

"ನಕಲು ಎಲ್ಲಿಟ್ಟಿದ್ದೀರಿ?" ಎಂದರು ನಡುವಿನವರು.

"ನೆನಪಲ್ಲಿದೆ ಸಾರ್."

"ಅದನ್ನ ಮಂಡಳಿಗೆ ಒಪ್ಪಿಸಬೇಕಾಗುತ್ತೆ."

"ಹೇಗೆ ಸಾರ್?"

ಮೂವರೂ ನಿಯಮಾವಳಿ ತಿರುವಿ ನೋಡಿದರು. ಹೇಗೆ ಎಂಬುದು ಅದರಲ್ಲಿ ಇರಲಿಲ್ಲ. ಕಾನೂನು ಸಲಹೆಗಾರರ ಅಭಿಪ್ರಾಯ ಕೇಳುವುದೆಂದು ಬರೆದುಕೊಂಡರು. ಟೈಲರಮ್ಮ ಎದ್ದು ಹೊರಡುವಾಗ, "ಹಾಳೆಯಲ್ಲಿ ಏನಾದ್ರೂ ತಪ್ಪಿದ್ರೆ ಹೇಳಿ ಸಾರ್, ತಿದ್ದಿಸ್ತೀನಿ," ಎಂದರು. ಅವರ ಕಸುಬಿನಲ್ಲಿ ಹಾಗೆ ಕೇಳುವುದು ರೂಢಿ.

ಮಂಡಳಿ ಅದನ್ನು ಸವಾಲೆಂದು ತಿಳಿಯಿತು. ಮೂರನೇ ದಿನ ಸ್ಪಷ್ಟೀಕರಣ ಹೊರಬಿತ್ತು: "ಖಾಸಗಿ ಅಂಗಡಿಯೊಂದರ ಗೋಡೆಯ ಮೇಲೆ ಮಂಡಳಿಯ ಬಗ್ಗೆ ದಾರಿತಪ್ಪಿಸುವ ಅಂಕಿ ಅಂಶ ಪ್ರಕಟವಾಗಿದೆ. ಉಪನಿರ್ದೇಶಕರ ಸಂಖ್ಯೆ ಹದಿನೇಳು ಎಂಬುದು ಶುದ್ಧ ಸುಳ್ಳು. ಅದು ಹದಿನೆಂಟು."

ಊರಿಗೆ ಊರೇ ಬಿದ್ದುಬಿದ್ದು ನಕ್ಕಿತು. ಹಾಳೆಯ ಉಳಿದ ಅರವತ್ತಮೂರು ಅಂಕಿಗಳೂ ಸರಿ ಎಂದು ಮಂಡಳಿಯೇ ಮುದ್ರೆ ಒತ್ತಿದಂತಾಗಿತ್ತು. ನಗದೆ ಕೂತವರು ಟೈಲರಮ್ಮ ಒಬ್ಬರೇ. "ನಾನು ನೋಡಿದ್ದು ಹದಿನೇಳೇ. ಪುಟ ಮೂವತ್ತೊಂದು, ಕೆಳಗಿಂದ ನಾಲ್ಕನೇ ಸಾಲು." ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹುಟ್ಟಿದಂದಿನಿಂದ ಒಂದು ಅಂಕಿ ತಪ್ಪಿದವರಲ್ಲ; ಅದೂ ಮುದ್ರಿತವಾಗಿ ತಪ್ಪೆನ್ನಿಸಿಕೊಂಡದ್ದು ಮುಳ್ಳಿನಂತೆ ಚುಚ್ಚುತ್ತಿತ್ತು. ಗಂಡ ಡಿಪೋದಿಂದ ಬಂದು ಸಮಾಧಾನ ಹೇಳಿದರೂ ಕೇಳಲಿಲ್ಲ.

ಸಮಾಧಾನ ತಂದವಳು ಗುಮಾಸ್ತೆ. ಕೋಟು ಬಿಡಿಸಿಕೊಳ್ಳಲು ಅಂಗಡಿಗೆ ಬಂದವಳು ದನಿ ತಗ್ಗಿಸಿ ಹೇಳಿದಳು: "ನೀವು ಓದಿದಾಗ ಹದಿನೇಳೇ ಇತ್ತು ಅಮ್ಮಾ. ಹದಿನೆಂಟನೆಯವರನ್ನ ಹೋದ ವಾರ ನೇಮಿಸಿದ್ರು. ಉಪನಿರ್ದೇಶಕರು, ಪುನರ್ರಚನಾ ಮಾಹಿತಿ ಸಂರಕ್ಷಣೆ."

ಟೈಲರಮ್ಮ ಆ ಕೋಟನ್ನು ಅಂದೇ, ಗಿರಾಕಿಗಳನ್ನೆಲ್ಲ ಕಾಯಿಸಿ, ಮಾಡಿಕೊಟ್ಟರು.

ಜನ ಆಡಿಕೊಳ್ಳುವುದು ಹೆಚ್ಚಾದ ಮೇಲೆ ಮಂಡಳಿ ಪುಟ ನೂರ ಹನ್ನೆರಡರ ಒಂದು ಸಾಲು ಹೊಡೆದುಹಾಕಿತು. ಹನ್ನೊಂದನೇ ಶಾಖೆಯ ಬಾಗಿಲು ತೆರೆಯಿತು. ಏಳನೆಯದಕ್ಕೆ ಬೋರ್ಡು ಮರಳಿ ಬರಲಿಲ್ಲ, "ಹನ್ನೊಂದರ ಉಪಕೇಂದ್ರ" ಎಂಬ ಹೆಸರಿನಲ್ಲಿ ಕಿಟಕಿ ಮಾತ್ರ ತೆರೆಯಿತು. ಗುಮಾಸ್ತ ವಾರಕ್ಕೆ ಮೂರು ದಿನ ಬರುತ್ತಾನೆ. ನೀರು ಬಿಡುವವನು ಬಾಗಿಲು ತೆರೆದ ದಿನವೇ ವಾಲ್ವಿನ ಕೀಲಿ ಹೆಗಲ ಮೇಲಿಟ್ಟು ಮೂಲೆಗೆ ಓಡಿದ. ಎಂಟು ನಿಮಿಷ ಹಿಡಿಯಿತು. ಹದಿನೆಂಟು ಉಪನಿರ್ದೇಶಕರು ಹದಿನೆಂಟಾಗಿಯೇ ಉಳಿದಿದ್ದಾರೆ.

ಪರಿಶೀಲನೆಯ ನಿಯಮ ಮಾತ್ರ ಬಿಗಿಯಾಗಿದೆ. ಈಗ ಓದುವ ಕೋಣೆಗೆ ಹೋಗುವವರು, ಓದಿದ್ದನ್ನು ಮರೆತುಬಿಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಮೊನ್ನೆ ಮೂರನೇ ಶಾಖೆಯ ಕಡೆಯ ಒಬ್ಬ ಅಜ್ಜಿ ಆ ನಮೂನೆ ಹಿಡಿದು ಅಂಗಡಿಗೆ ಬಂದು, "ಇದಕ್ಕೆ ಸಹಿ ಹಾಕಬಹುದೇನಮ್ಮ?" ಎಂದು ಕೇಳಿದರು. ಟೈಲರಮ್ಮ ಯಂತ್ರ ನಿಲ್ಲಿಸಿ ಎರಡೂ ಬದಿ ಓದಿದರು.

"ಧಾರಾಳವಾಗಿ ಹಾಕಿ ಅಜ್ಜಿ. ಎಷ್ಟು ದಿನದೊಳಗೆ ಮರೀಬೇಕು ಅಂತ ಬರೆದಿಲ್ಲ."