ಶ್ರುತಿ ಏರಿದ ಭೈರವಿ

ಆಗೆಲ್ಲ ನಮ್ಮ ಕೊಳ್ಳೇಗಾಲದಲ್ಲಿ ಒಂದು ಒಳ್ಳೆಯ ವೀಣೆ ಕೇಳಬೇಕೆಂದರೆ ಅದು ಯಾರದಾದರೂ ಕೈಚೀಲದಲ್ಲಿ ಬಸ್ಸು ಹತ್ತಿ ಬರಬೇಕಿತ್ತು. ಅಂಗಡಿಯ ಕ್ಯಾಸೆಟ್ಟುಗಳಲ್ಲಿ ಸಿನಿಮಾ ಹಾಡು, ದೇವರ ಹಾಡು ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ. ನಮ್ಮಪ್ಪ ಮತ್ತು ಅವರ ಇಬ್ಬರು ಗೆಳೆಯರಿಗೆ ಹುಚ್ಚು ಹಿಡಿದಿದ್ದದ್ದು ಮನೆ ಕಚೇರಿಗಳ ಟೇಪುಗಳದ್ದು. ಮೈಸೂರಿನಲ್ಲೋ ನಂಜನಗೂಡಿನಲ್ಲೋ ಯಾರದೋ ನಡುಮನೆಯಲ್ಲಿ, ಇಪ್ಪತ್ತು ಮೂವತ್ತು ಜನರ ನಡುವೆ, ಮೈಕಿಲ್ಲದೆ ನುಡಿಸಿದ ವೀಣೆ. ಜಮಖಾನದ ತುದಿಯಲ್ಲಿ ಕೂತ ಪುಣ್ಯಾತ್ಮರೊಬ್ಬರು ರೆಕಾರ್ಡರಿನ ಗುಂಡಿ ಒತ್ತಿ ಅದನ್ನು ಹಿಡಿದಿಟ್ಟುಕೊಂಡಿರುತ್ತಿದ್ದರು. ಅದರಲ್ಲಿ ವೀಣೆಯ ಜೊತೆಗೆ ಲೋಟದ ಸದ್ದು, ಬೀದಿಯ ಸೈಕಲ್ ಬೆಲ್ಲು, ತಲೆದೂಗುವವರ "ಭಲೇ", ಎಲ್ಲವೂ ಬಿದ್ದಿರುತ್ತಿತ್ತು.

ಅಪ್ಪ ನಂಜುಂಡಣ್ಣ ರೇಷ್ಮೆ ಸೀರೆ ನೇಯುವವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಮೂರು ಮಗ್ಗ. ಪಕ್ಕದ ಬೀದಿಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವರಿದ್ದುದರಿಂದ ನಮ್ಮ ಬಾಲ್ಯಕ್ಕೆಲ್ಲ ಆ ಬೆಂದ ಗೂಡಿನ ವಾಸನೆಯೇ ಅಂಟಿಕೊಂಡಿದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾವು ಅದರಲ್ಲೇ ಕೂತು ಉಣ್ಣುತ್ತಿದ್ದೆವು. ಭಾನುವಾರ ಮಾತ್ರ ಮಗ್ಗಕ್ಕೆ ರಜೆ. ಅಂದು ಮಧ್ಯಾಹ್ನ ಮೂರು ಗಂಟೆಗೆ ನಮ್ಮ ನಡುಮನೆಯಲ್ಲಿ 'ಕೇಳಿಕೆ'.

ಕೇಳಿಕೆಗೆ ಯಳಂದೂರಿನಿಂದ ಮಾದಪ್ಪ ಮೇಷ್ಟ್ರು ಬರುತ್ತಿದ್ದರು. ಹೈಸ್ಕೂಲಿನಿಂದ ರಿಟೈರಾಗಿದ್ದರೂ ಗದರುವ ದನಿ ರಿಟೈರಾಗಿರಲಿಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ರಾಚಪ್ಪಣ್ಣ ತಮ್ಮ ಟೇಪ್ ರೆಕಾರ್ಡರನ್ನು ಕೂಸಿನ ಹಾಗೆ ಟವಲಿನಲ್ಲಿ ಸುತ್ತಿ ತರುತ್ತಿದ್ದರು. ಅವ್ವ ಒಂದು ಮೊರದ ತುಂಬ ಕಡ್ಲೆಪುರಿಗೆ ಒಗ್ಗರಣೆ ಹಾಕಿ, ಈರುಳ್ಳಿ ಮಾವಿನಕಾಯಿ ಹೆಚ್ಚಿ ಹಾಕಿ ನಡುವೆ ಇಡುತ್ತಿದ್ದಳು. ಟೇಪು ಓಡುವಾಗ ಪುರಿ ಅಗಿಯುವಂತಿರಲಿಲ್ಲ. ರಾಚಪ್ಪಣ್ಣ ಅದನ್ನು ಬಾಯಲ್ಲಿ ನೆನೆಸಿಕೊಂಡು ಸದ್ದಿಲ್ಲದೆ ನುಂಗುವುದನ್ನು ನೋಡುವುದೇ ನನಗೊಂದು ಆಟ.

ಕೇಳಿಕೆಗೆ ಕಟ್ಟುನಿಟ್ಟಾದ ನೇಮವಿತ್ತು. ಟೇಪು ತಂದವರು ಅದು ಯಾರದು, ಎಲ್ಲಿಯದು ಎಂದು ಮೊದಲು ಬಾಯಿ ಬಿಡಬಾರದು. ಎಲ್ಲರೂ ಕಣ್ಣು ಮುಚ್ಚಿ ಕೇಳಬೇಕು. ಮುಗಿದ ಮೇಲೆ ಯಾರ ಕೈ, ಯಾವ ಕಾಲದ್ದು, ಹೋದ ವಾರ ಕೇಳಿದ್ದಕ್ಕಿಂತ ಮೇಲೋ ಕೆಳಗೋ ಎಂದು ಒಬ್ಬೊಬ್ಬರಾಗಿ ಹೇಳಬೇಕು. ಕಡೆಯಲ್ಲಿ ಟೇಪು ತಂದವರು ಅದು ಯಾರಿಂದ ಬಂತು ಎಂದು ಒಪ್ಪಿಸಬೇಕು. ಆ ಹೆಸರನ್ನು ಡಬ್ಬಿಯ ಒಳಗಿನ ಕಾಗದದಲ್ಲಿ ಬರೆಯಲೇಬೇಕು. ಯಾರಿಂದ ಬಂತು ಎಂಬುದನ್ನು ಮುಚ್ಚಿಡುವವನು ಅವರ ಲೆಕ್ಕದಲ್ಲಿ ಕಳ್ಳನಿಗಿಂತ ಕಡೆ.

ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವ ಕೆಲಸ ನನ್ನದು. ಮಗ್ಗದ ಮೇಲೆ ಅಷ್ಟು ನಯವಾಗಿ ಓಡುವ ಅಪ್ಪನ ಬೆರಳು ಮಿಷನ್ನಿನ ಮುಂದೆ ತಪ್ಪು ಗುಂಡಿಯನ್ನೇ ಒತ್ತುತ್ತಿತ್ತು. ರಾಚಪ್ಪಣ್ಣನ ರೆಕಾರ್ಡರಿನಲ್ಲಿ ಮೂಲ ಟೇಪು, ನಮ್ಮದರಲ್ಲಿ ಖಾಲಿ ಟೇಪು, ನಡುವೆ ಒಂದು ವೈರು. ಎರಡರ ಗುಂಡಿಯನ್ನೂ ಒಟ್ಟಿಗೆ ಒತ್ತಬೇಕು. ಹನ್ನೊಂದು ವರ್ಷದ ನಾನು ಆ ಕ್ಷಣ ಉಸಿರು ಬಿಗಿಹಿಡಿದು ದೊಡ್ಡ ಮನುಷ್ಯಳಾಗುತ್ತಿದ್ದೆ. ಅಪ್ಪನದು ಒಂದೇ ತಾಕೀತು.

"ಕರೆಂಟ್ ಇದ್ರ ಮಾತ್ರ ಮಾಡು ಮಗ. ಸೆಲ್ಲಲ್ಲಿ ಮಾತ್ರ ಮಾಡ್ಬ್ಯಾಡ."

ಆರನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ ಮೇಷ್ಟ್ರು ಒಂದು ಭೈರವಿ ಕೊಟ್ಟು ಹೋದರು. ಹಿಂದೆ ಯಾವಾಗಲೋ ಮೈಸೂರಿನ ನೆಂಟರ ಮನೆಯಲ್ಲಿ ವಯಸ್ಸಾದ ವೈಣಿಕರೊಬ್ಬರು ನುಡಿಸಿದ್ದು, ಮೇಷ್ಟ್ರು ತಾವೇ ಪಕ್ಕದಲ್ಲಿ ಕೂತು ಹಿಡಿದದ್ದು. ಟೇಪಿನ ಒಂದು ಮಗ್ಗುಲಿನ ತುಂಬ ಅದೊಂದೇ ರಾಗ. ನಾವು ನಕಲು ಮಾಡಿಕೊಂಡು ಅದನ್ನು ಹನೂರಿನ ಕಾಂಪೌಂಡರಿಗೆ ತಲುಪಿಸಬೇಕಿತ್ತು, ಟೇಪು ಕೈಯಿಂದ ಕೈಗೆ ಹೋಗುವ ಸಾಲಿನಲ್ಲಿ ಅವರು ಮುಂದಿನವರು.

ನಕಲು ಮಾಡಬೇಕಾದ ದಿನವೇ ಮಧ್ಯಾಹ್ನದ ಬಸ್ಸಿಗೆ ನಾನೂ ಅವ್ವನೂ ಬಂಡಳ್ಳಿಯ ಅಜ್ಜಿ ಮನೆಗೆ ಹೊರಟಿದ್ದೆವು. ಅಲ್ಲಿ ಹುಣಸೆಮರಕ್ಕೆ ಉಯ್ಯಾಲೆ ಕಟ್ಟಿದ್ದರು, ಚೌಕಾಬಾರಕ್ಕೆ ನಾಲ್ಕು ಜನ ಜೊತೆಗಾತಿಯರಿದ್ದರು. ದಾರಿಯಲ್ಲಿ ಹನೂರಿನಲ್ಲಿ ಟೇಪು ಕೊಟ್ಟು ಹೋಗುವುದು ಎಂದಾಗಿತ್ತು. ಗುಂಡಿ ಒತ್ತಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಅಪ್ಪ ಜರಿ ತರಲು ಪೇಟೆಗೆ ಹೋಗಿದ್ದರು. ಒಂದು ಗಂಟೆ ಕಾದೆ. ಅವ್ವ ಸೀರೆ ಉಟ್ಟು, ಜಡೆ ಹಾಕಿಕೊಂಡು, "ಆಗ್ನಿಲ್ವಾ ಇನ್ನೂವೆ? ಬಸ್ಸು ಓಯ್ತದ ಕಣ" ಎಂದು ಎರಡು ಸಲ ಕೂಗಿದಳು.

ನಕಲಿಗೆಂದು ರಾಚಪ್ಪಣ್ಣ ಬಿಟ್ಟುಹೋಗಿದ್ದ ಮಿಷನ್ನಿನಲ್ಲಿ ಹೊಸ ಸೆಲ್ಲುಗಳಿದ್ದವು. ನಮ್ಮದರಲ್ಲಿ ಇರಲಿಲ್ಲ. ಮುಗಿದುಹೋದ ಸೆಲ್ಲುಗಳನ್ನು ಅವ್ವ ಎಸೆಯುತ್ತಿರಲಿಲ್ಲ, ತಾರಸಿಯ ಮೇಲೆ ಸಂಡಿಗೆಯ ಪಕ್ಕ ಬಿಸಿಲಿಗೆ ಇಡುತ್ತಿದ್ದಳು. ನಾಲ್ಕು ದಿನ ಒಣಗಿದರೆ ಟಾರ್ಚಿಗೆ ಮತ್ತೆ ಸ್ವಲ್ಪ ಜೀವ ಬರುತ್ತಿತ್ತು. ನಾನು ಮೆಟ್ಟಿಲು ಹತ್ತಿ ಆ ಸೆಲ್ಲುಗಳನ್ನೇ ಲಂಗದಲ್ಲಿ ತುಂಬಿಕೊಂಡು ಬಂದೆ. ಮುಟ್ಟಿದರೆ ಸುಡುತ್ತಿದ್ದವು. ಹಾಕಿದೆ, ಚಕ್ರ ತಿರುಗಿತು. ನಕಲು ಮುಗಿದದ್ದೇ ತಡ, ಹೇಗೆ ಬಂದಿದೆ ಎಂದು ಒಂದು ನಿಮಿಷವೂ ಕೇಳದೆ ಡಬ್ಬಿಗೆ ಹಾಕಿ, ಸೆಲ್ಲುಗಳನ್ನು ವಾಪಸು ಸಂಡಿಗೆಯ ಪಕ್ಕ ಸಾಲಾಗಿಟ್ಟು, ಬಸ್ಸಿಗೆ ಓಡಿದೆ. ಮೇಷ್ಟ್ರ ಟೇಪು ಹನೂರು ಸೇರಿತು, ನಾನು ಉಯ್ಯಾಲೆ ಸೇರಿದೆ.

ಹತ್ತು ದಿನ ಬಿಟ್ಟು ಬಂದಾಗ ಮರುದಿನವೇ ಕೇಳಿಕೆ. ಅಪ್ಪನಿಗೆ ಅಂದು ತುಂಟತನ. ಮೇಷ್ಟ್ರ ಟೇಪಿನ ನಕಲನ್ನೇ ಮೇಷ್ಟ್ರಿಗೆ ಕೇಳಿಸಿ, ಗುರುತು ಹಿಡಿಯುತ್ತಾರೋ ನೋಡೋಣ ಎಂದು ಸುಮ್ಮನೆ ಹಾಕಿಬಿಟ್ಟರು. ಕರೆಂಟಿತ್ತು, ಮಿಷನ್ನು ಸರಿಯಾದ ವೇಗದಲ್ಲಿ ಓಡಿತು. ಮೊದಲ ಮೀಟಿಗೇ ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಅರ್ಧ ಗಂಟೆ ಅಲ್ಲಾಡಲಿಲ್ಲ. ನಡುವೆ ಒಮ್ಮೆ ಮಾತ್ರ ಟೇಪಿನಲ್ಲಿ ಯಾರೋ ಕೆಮ್ಮಿದಾಗ ಮುಖ ಸಿಂಡರಿಸಿದರು.

"ಅಯ್ಯೋ ನಂಜುಂಡಣ್ಣ, ಎಲ್ಲಿ ಸಿಕ್ತಪ್ಪ ಇದು!" ಮೇಷ್ಟ್ರ ಕಣ್ಣಲ್ಲಿ ನೀರಿತ್ತು. "ಅದೇ ವೈಣಿಕರ ಕೈ. ಆದ್ರ ಹರೇದ ಕೈ. ಶ್ರುತಿ ನೋಡು, ನನ್ನ ಟೇಪಿಗಿಂತ ಎಲ್ಲೋ ಮೇಲದ. ಓಟ ನೋಡು. ಕಮ್ಮಿ ಅಂದ್ರೂ ಇಪ್ಪತ್ತು ವರ್ಷ ಹಿಂದಿಂದು. ಆ ಕೆಮ್ಮೋ ಹುಡುಗನ್ನ ಎಬ್ಬಿಸಿ ಆಚೆಗ ಕಳಿಸ್ಬೇಕಾಗಿತ್ತು. ಕಚೇರಿಗ ಮಕ್ಳ ಕರ್ಕಂಡು ಬತ್ತರ, ಬುದ್ಧಿ ಇಲ್ದವು!"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ನಿಮ್ದೇ ಟೇಪು ಕಣ ಮೇಷ್ಟ್ರೇ! ನಮ್ಮ ಕೂಸು ನಕಲು ಮಾಡ್ದ್ದು."

ಮೇಷ್ಟ್ರು ನಗಲಿಲ್ಲ. "ತಮಾಸೆ ಬುಡು. ಯಾರಿಂದ ಬಂತು ಏಳು."

"ನಿಮ್ಮಿಂದ್ಲೇ ಬಂತು ಅಂತಿದ್ದೀನಲ್ಲ."

"ನಲವತ್ತು ವರ್ಷ ವೀಣೆ ಕೇಳಿರೋ ಕಿವಿಗ ನನ್ನ ಟೇಪು ಯಾವ್ದು ಅಂತ ಗೊತ್ತಾಗದಿಲ್ವಾ?"

ಮೂಲ ಟೇಪು ಇನ್ನೂ ಹನೂರಿನಲ್ಲೇ ಇತ್ತು, ಹೋಲಿಸಿ ನೋಡುವ ಹಾಗಿರಲಿಲ್ಲ. ರಾಚಪ್ಪಣ್ಣ ತಲೆ ಕೆರೆದುಕೊಂಡರು. "ಒಂದು ಮಾತು ಸಾ. ಕೊನೆಕೊನೆಗ ಶ್ರುತಿ ಇನ್ನೂ ಏರ್ಕಂಡು ಓಯ್ತದ. ತಂತಿ ತಾನಾಗೇ ಬಿಗಿಯಾಯ್ತದಾ? ನಂಗ ಮಿಷನ್ನಿನ ಮೇಲೇ ಅನುಮಾನ." ಆಮೇಲೆ ನನ್ನ ಕಡೆ ತಿರುಗಿದರು. "ಮಗ, ಸೆಲ್ಲಲ್ಲಿ ಮಾಡ್ದಾ?"

ಎಲ್ಲರೂ ನನ್ನನ್ನೇ ನೋಡಿದರು. ಅಪ್ಪ ನಗುನಗುತ್ತಲೇ ನೋಡುತ್ತಿದ್ದರು. ಅವರಿಗೆ ನನ್ನ ಮೇಲೆ ಅಷ್ಟು ನಂಬಿಕೆ.

"ಇಲ್ಲ, ಕರೆಂಟಲ್ಲೇ ಮಾಡ್ದಿ," ಎಂದೆ.

"ಕೇಳಿದ್ರಾ?" ಮೇಷ್ಟ್ರು ಎದ್ದು ನಿಂತರು. "ಕೂಸು ಸುಳ್ಳೇಳದಿಲ್ಲ. ಮಿಷನ್ನು ಸರಿಗದ ಅಂದ್ರ ಟೇಪೇ ಬ್ಯಾರೆ. ಎಲ್ಲೋ ಒಳ್ಳೇದು ಸಿಕ್ಕದ, ಇವ್ನು ನಮ್ಮಿಂದ ಮುಚ್ಚಿಡ್ತಾವ್ನ. ಇದ್ನೆಲ್ಲ ನಾ ನಿನ್ನಿಂದ ನಿರೀಕ್ಷೆ ಮಾಡಿರ್ಲಿಲ್ಲ ನಂಜುಂಡಣ್ಣ." ಅವ್ವ ತಂದಿಟ್ಟ ಕಾಫಿಯನ್ನು ಮುಟ್ಟದೆ, ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಅಪ್ಪನ ಮುಖದ ನಗು ಆರಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮುಂದಿನ ಭಾನುವಾರ ಮೇಷ್ಟ್ರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ರಾಚಪ್ಪಣ್ಣ ಬಂದು ಸ್ವಲ್ಪ ಹೊತ್ತು ಕೂತು ಎದ್ದು ಹೋದರು. ಅಪ್ಪ ರಜೆಯ ದಿನವೂ ಮಗ್ಗಕ್ಕೆ ಇಳಿಯತೊಡಗಿದರು. ಅವ್ವ ಪುರಿಗೆ ಒಗ್ಗರಣೆ ಹಾಕಲೋ ಬೇಡವೋ ಎಂದು ಒಲೆಯ ಮುಂದೆ ನಿಂತಿರುತ್ತಿದ್ದಳು. ನನಗೆ ಅನ್ನ ಸೇರುತ್ತಿರಲಿಲ್ಲ. "ಬಂಡಳ್ಳೀಲಿ ಯಾರ ಕಣ್ಣು ಬಿತ್ತೋ" ಎಂದು ಅವ್ವ ದೃಷ್ಟಿ ತೆಗೆದಳು. ನನ್ನ ಕಾಯಿಲೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ತಾಕೀತು ಮೀರಿದ್ದು ಸಣ್ಣ ತಪ್ಪು. ನನ್ನ ಒಂದು ಸುಳ್ಳಿಗೆ ಅಪ್ಪ ಕಳ್ಳ ಅನ್ನಿಸಿಕೊಂಡದ್ದು, ಅದೂ ಅವರು ತುಂಬ ಗೌರವಿಸುವವರ ಬಾಯಲ್ಲಿ, ನನ್ನನ್ನು ಒಳಗೇ ತಿನ್ನುತ್ತಿತ್ತು.

ಮೂರನೆಯ ವಾರ ಹನೂರಿನ ಕಾಂಪೌಂಡರು ಮೂಲ ಟೇಪನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದರು. ಅಪ್ಪ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತರು. ಹಾಕಿ ಕೇಳಲಿಲ್ಲ. ಕೇಳುವ ಮನಸ್ಸೇ ಅವರಿಗೆ ಹೋಗಿತ್ತು. ರಾಚಪ್ಪಣ್ಣ ಬಂದಾಗ, "ಅವರ ಸ್ವತ್ತು ಅವ್ರಿಗ ಮುಟ್ಟಿಸ್ಬುಡಪ್ಪ" ಎಂದು ಕೊಟ್ಟರು.

"ನಾನೂ ಓಯ್ತೀನಿ," ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ನಕಲಿನ ಟೇಪನ್ನು ಲಂಗದ ಜೇಬಿಗೆ ಹಾಕಿಕೊಂಡೆ.

ಯಳಂದೂರಿನವರೆಗೂ ಬಸ್ಸಿನ ಕಿಟಕಿಯ ಸರಳು ಹಿಡಿದು ಕೂತಿದ್ದೆ. ರಾಚಪ್ಪಣ್ಣ ಕೊಡಿಸಿದ ಕಡಲೆಕಾಯಿ ಹಾಗೇ ಇತ್ತು. ಮೇಷ್ಟ್ರು ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು. ನಮ್ಮನ್ನು ಕಂಡು "ಬನ್ನಿ" ಎಂದರು, ಅಷ್ಟೆ. ಮೆಟ್ಟಿಲು ಹತ್ತುವ ಮೊದಲೇ ನಾನು ಬಾಯಿಬಿಟ್ಟೆ.

"ಸಾ, ನಾ ಸೆಲ್ಲಲ್ಲೇ ಮಾಡ್ದ್ದು. ಅವ್ವ ಬಿಸ್ಲಿಗ ಇಟ್ಟಿದ್ದ ಅಳೇ ಸೆಲ್ಲು. ಅಪ್ಪನಿಗ ಗೊತ್ತಿಲ್ಲ. ಅಪ್ಪ ಏನೂ ಮುಚ್ಚಿಟ್ಟಿಲ್ಲ ಸಾ." ಮುಂದಿನದು ಅಳುವಿನಲ್ಲಿ ಕೊಚ್ಚಿಹೋಯಿತು.

ರಾಚಪ್ಪಣ್ಣ ಹಣೆ ಬಡಿದುಕೊಂಡರು. "ಅದ್ಕೇ ಮತ್ತ! ಅಳೇ ಸೆಲ್ಲು ಹಾಕಿದ್ರ ಮಿಷನ್ನು ನಿಧಾನಕ್ಕ ಓಡ್ತಾ ರೆಕಾರ್ಡ್ ಮಾಡ್ತದ. ಆಮೇಲೆ ಕರೆಂಟಲ್ಲಿ ಹಾಕಿದ್ರ ಟೇಪು ಬಿರ್ರನೆ ಓಡಿ ಶ್ರುತಿ ಏರ್ತದ."

ಮೇಷ್ಟ್ರು ಎರಡೂ ಟೇಪು ಇಸಿದುಕೊಂಡು ಒಳಗೆ ಹೋದರು. ಮೊದಲು ತಮ್ಮದನ್ನು ಹಾಕಿದರು. ಗಂಭೀರವಾದ, ತಗ್ಗು ಶ್ರುತಿಯ ಭೈರವಿ. ಹತ್ತು ನಿಮಿಷವಾದ ಮೇಲೆ ವೀಣೆ ಮೇಲಿನ ಷಡ್ಜ ಮುಟ್ಟಿ ನಿಂತಿತು. ಆ ಮೌನದಲ್ಲಿ ಪಕ್ಕದಲ್ಲೇ ಯಾರೋ ಗಂಟಲು ತುಂಬ ಕೆಮ್ಮಿದರು. ರೆಕಾರ್ಡರಿನ ಪಕ್ಕದಲ್ಲಿ ಅಂದು ಕೂತಿದ್ದವರು ಮೇಷ್ಟ್ರೊಬ್ಬರೇ. ಮೇಷ್ಟ್ರು ಆ ಟೇಪು ತೆಗೆದು ನನ್ನದನ್ನು ಹಾಕಿದರು. ಅದೇ ಷಡ್ಜ, ಅದೇ ಮೌನ, ಅದೇ ಜಾಗದಲ್ಲಿ ಹುಡುಗನ ಹಾಗೆ ಕೀರಲು ಕೆಮ್ಮು.

ಮೇಷ್ಟ್ರ ಮುಖ ಕೆಂಪಾಯಿತು. ಬೈಗುಳ ಬರುತ್ತದೆಂದು ನಾನು ಗೋಡೆಗೆ ಅಂಟಿಕೊಂಡೆ. ಅವರ ಭುಜ ಕುಲುಕಿತು, ಹೊಟ್ಟೆ ಕುಲುಕಿತು, ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಅವರು ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಆ ವೈಣಿಕರ ಮನೆಗೇ ಓಗಿ, ನಿಮ್ಮ ಹರೇದ ಭೈರವಿ ಕೇಳ್ದಿ ಅಂತ ಏಳಣ ಅಂತಿದ್ದಿ ಕಣೋ ರಾಚಪ್ಪ. ಈ ಕೂಸು ನನ್ನ ಮಾನ ಉಳಿಸ್ತು!" ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ನೋಡಿದರು. "ಅಪ್ಪನಿಗ ಏಳಿದ್ದೀಯಾ?"

"ಇಲ್ಲ ಸಾ. ಭಯ."

"ನಂಗೂ ಭಯವೇ. ನಡಿ, ಇಬ್ರೂ ಓಗಣ."

ಕೊಳ್ಳೇಗಾಲದಲ್ಲಿ ಬಸ್ಸು ಇಳಿದಾಗ ಇನ್ನೂ ಬಿಸಿಲಿತ್ತು. ಶೆಡ್ಡಿನಲ್ಲಿ ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದರು. ಮೇಷ್ಟ್ರು ಬಾಗಿಲಲ್ಲೇ ನಿಂತು, ಗಂಟಲು ಸರಿಮಾಡಿಕೊಂಡು, "ನಂಜುಂಡಣ್ಣ, ಆವತ್ತು ಕೆಮ್ಮಿದ ಹುಡುಗ ಬಂದವ್ನ ಕಣಪ್ಪ. ಒಳಕ ಬುಟ್ಕತೀಯಾ, ಆಚೆಗ ಕಳಿಸ್ತೀಯಾ?" ಎಂದರು.

ಅಪ್ಪನ ಕೈಯ ಲಾಳಿ ನಿಂತಿತು. ನಾನು ಓಡಿಹೋಗಿ ಅವರ ಬೆನ್ನಿಗೆ ಮುಖ ಒತ್ತಿ ಎಲ್ಲವನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ. ಮೂರು ವಾರದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು, ಅವರ ಬೆನ್ನು ಇಳಿದದ್ದು ನನ್ನ ಕೆನ್ನೆಗೇ ಗೊತ್ತಾಯಿತು. "ಏಯ್, ಕಾಫಿ ಇಡು," ಎಂದು ಅವ್ವನಿಗೆ ಕೂಗಿದರು. ಆ ರಾತ್ರಿ ನಾನು ಮೂರು ಸಲ ಅನ್ನ ಹಾಕಿಸಿಕೊಂಡೆ.

ಮೇಷ್ಟ್ರೂ ಅಪ್ಪನೂ ಆಮೇಲೆ ಎಷ್ಟೋ ವರ್ಷ ಆ ನಡುಮನೆಯಲ್ಲಿ ಕೂತು ಭೈರವಿ, ತೋಡಿಗಳಿಗೆ ಕಚ್ಚಾಡಿದರು. ಈಗ ಇಬ್ಬರೂ ಇಲ್ಲ. ಇಬ್ಬರೂ ಸ್ನೇಹಿತರಾಗಿಯೇ ಹೋದರಲ್ಲ ಎಂದು ನೆನೆದಾಗೆಲ್ಲ ನನ್ನ ಎದೆಯ ಭಾರ ಇಳಿಯುತ್ತದೆ.

ನನ್ನ ಫೋನಿನಲ್ಲಿ ಈಗ ವೀಣೆ ಕೇಳುವವರ ಒಂದು ದೊಡ್ಡ ಗುಂಪಿದೆ. ದಿನಕ್ಕೆ ಹತ್ತು ಕಚೇರಿ ಬಂದು ಬೀಳುತ್ತವೆ. ಯಾರೂ ಬಸ್ಸು ಹತ್ತಬೇಕಿಲ್ಲ, ಕರೆಂಟು ಕಾಯಬೇಕಿಲ್ಲ. ಮೊನ್ನೆ ಒಂದು ಹಳೆಯ ಕಚೇರಿ ಬಂತು, ಕೇಳಿದ ಕೂಡಲೇ ವೇಗ ತಪ್ಪಿದೆ ಎಂದು ಗೊತ್ತಾಯಿತು. "ಶ್ರುತಿ ಏರಿದೆ, ಮೂಲ ಯಾರಲ್ಲಿದೆ, ಯಾರಿಂದ ಬಂತು?" ಎಂದು ಬರೆದೆ. ಕಚೇರಿಗೆ ಬಂದಷ್ಟೇ ಮೆಚ್ಚುಗೆಯ ಹೆಬ್ಬೆರಳುಗಳು ನನ್ನ ಪ್ರಶ್ನೆಗೂ ಬಂದವು. ಉತ್ತರ ಬರಲಿಲ್ಲ. ಅಲ್ಲ ಎಂದು ಯಾರೂ ಜಗಳಕ್ಕೂ ಬರಲಿಲ್ಲ. ಒಂದು ರಾಗಕ್ಕಾಗಿ ನನ್ನ ಮನೆಯ ಕಾಫಿ ಬಿಟ್ಟು ಎದ್ದು ಹೋಗುವಷ್ಟು ಕಿವಿಗೊಟ್ಟು ಕೇಳುವವರು ಈಗ ನನಗೆ ಯಾರೂ ಇಲ್ಲ.