ಅರ್ಧ ಕಾಣುವ ದೋಣಿ

ಮೊನ್ನೆ ಮೊಮ್ಮಗಳ ಪೇಸ್ಟಲ್ ಡಬ್ಬಿಯ ಮುಚ್ಚಳ ತೆಗೆದಾಗ ಎಣ್ಣೆ ಬೆರೆತ ಸುಣ್ಣದ ಪುಡಿಯಂಥ ವಾಸನೆ ಬಂತು. ಕಡ್ಡಿಗಳನ್ನು ಸರದಿಯಂತೆ ಜೋಡಿಸುವಷ್ಟರಲ್ಲಿ ಕಲಬುರಗಿಯ ಬ್ರಹ್ಮಪುರ ಓಣಿಯಲ್ಲಿ ನೆರೆಮನೆಗೆ ಬಂದಿದ್ದ ಅಜ್ಜ ನೆನಪಾದರು…

ನಿಜಾಮರ ಕಾಲ. ಆಗ ನಾನು ಕಲಬುರಗಿಯ ಶಾಲೆಯೊಂದರಲ್ಲಿ ಹಂಗಾಮಿ ಮಾಸ್ತರ. ಡ್ರಾಯಿಂಗ್ ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಮನೆಯಲ್ಲೇ ಬರೆದು ಒಪ್ಪಿಸಬೇಕಾಗಿದ್ದ ಚಿತ್ರ: ಬಂದರಿನಲ್ಲಿ ದುಡಿಯುವ ದೋಣಿ, ಇದ್ದಿಲು ಮತ್ತು ಪೇಸ್ಟಲಿನಲ್ಲಿ. ಸಮುದ್ರವನ್ನು ನಾನು ಕಂಡವನಲ್ಲ. ಆದರೂ ನಾಲ್ಕು ದಿನ, ಬೆಳಗ್ಗೆ ಐದರಿಂದ ಏಳರವರೆಗೆ, ಅಳತೆಪಟ್ಟಿ ಹಿಡಿದು ಬರೆದೆ. ಒಂದು ಗೆರೆಯೂ ಸೊಟ್ಟಗಿರಲಿಲ್ಲ.

ಅಜ್ಜ ಕಮಲಾಪುರದವರು. ಹರೆಯದಲ್ಲಿ ಮುಂಬೈ ಬಂದರಿನಲ್ಲಿ ದೋಣಿಗಳಿಗೆ ಹತ್ತಿಯ ಮೂಟೆ ಹೇರಿದವರು. ನನ್ನ ನೆರೆಮನೆಯೇ ಅವರ ಮಗಳ ಮನೆ; ಅಲ್ಲಿ ನಾಲ್ಕು ದಿನ ಇರಲು ಬಂದಿದ್ದರು. ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಮಾಸ್ತರ್ರ, ಗಾಲಿ ಹಚ್ಚೋದು ಮರ್ತೀರೇನ್ರಿ?"

ದೋಣಿಯ ತಳವನ್ನೆಲ್ಲ ತೋರಿಸಿ, ನೀರಿನ ಮೇಲೆ ಅದನ್ನು ಬಂಡಿಯ ಹಾಗೆ ನಿಲ್ಲಿಸಿದ್ದೆ! ಆದರೂ, ಎಷ್ಟು ಸ್ವಚ್ಛವಾಗಿ ಬರೆದಿದ್ದೇನೆ ನೋಡಿ ಎಂದು ವಾದಿಸಿದೆ.

"ಸ್ವಚ್ಛ ಅದ ರೀ. ಆದ್ರ ದುಡಿಯೋ ದೋಣಿ ನೀರಾಗ ಕುಂದರ್ತದ. ಮಾಲು ತುಂಬಿದಂಗ ಇನ್ನಾ ಕೆಳಗ ಇಳೀತದ."

ಹಾಗೆಂದವರೇ, ನನ್ನನ್ನು ಕೇಳದೆಯೇ, ದೋಣಿಯ ಕೆಳಗಿನ ಅರ್ಧವನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟರು. ಒಪ್ಪಿಸಲು ಒಂದೇ ದಿನ ಉಳಿದಿತ್ತು. ಬೇರೆ ಹಾಳೆ ಇರಲಿಲ್ಲ. ಸಿಟ್ಟಿನಿಂದ ಅವರ ಜೊತೆ ಮಾತು ಬಿಟ್ಟೆ. ಅವರು ಬಿಡಲಿಲ್ಲ. ಪಕ್ಕದಲ್ಲೇ ಕೂತು, ಉಬ್ಬರಕ್ಕೆ ದೋಣಿ ಏಳಬೇಕು, ದಡಕ್ಕೆ ಕಟ್ಟಿದ ಹಗ್ಗ ಸಡಿಲವಿರಲಿ ಎಂದರು. ನೀರು ಒಳಬರದಂತೆ ದೋಣಿಗೆ ಬಳಿದ ಡಾಂಬರು ಎಲ್ಲೆಲ್ಲಿ ಸವೆಯುತ್ತದೆಂದು ಬೆರಳಿಟ್ಟು ತೋರಿಸಿದರು. ಒರೆಸಿದ ಮಸಿಯ ಮೇಲೆ ಹಸಿರು, ನೀಲಿ ತಿಕ್ಕಿದೆ. ನೀರು ಬಂದೇಬಿಟ್ಟಿತು.

ಹೈದರಾಬಾದಿನಿಂದ ಬಂದ ಪರೀಕ್ಷಕರು, ದೋಣಿಯ ಉಳಿದರ್ಧ ಎಲ್ಲಿ ಎಂದು ಉರ್ದುವಿನಲ್ಲಿ ಕೇಳಿದರು.

"ಪಾನೀ ಮೇ ಹೈ, ಸಾಬ್," ಎಂದೆ.

ನೀರಿನಲ್ಲಿದೆ ಎಂಬ ಆ ಉತ್ತರಕ್ಕೆ ನಕ್ಕು, ಪಾಸೆಂದು ಸಹಿ ಹಾಕಿದರು.

ಓಡಿಬಂದರೆ ಅಜ್ಜ ಊರಿಗೆ ಹೋಗಿಯಾಗಿತ್ತು. ನಿಜಾಮರ ಶಾಲೆಗಳಿಗೆ ವಾರದ ರಜೆ ಶುಕ್ರವಾರ; ಅಂದು ಕಮಲಾಪುರಕ್ಕೇ ಹೋಗಿ ಸುದ್ದಿ ಮುಟ್ಟಿಸಿದೆ. ಕೆಂಪು ಬಾಳೆಹಣ್ಣು ಕೈಗಿಟ್ಟು, "ಅಂದ್ರ, ನಮ್ಮ ದೋಣಿ ಮುಳುಗ್ಲಿಲ್ಲ," ಎಂದರು. ಅದೇ ಕೊನೆಯ ಭೇಟಿ… ಮರುವರ್ಷ ತೀರಿಕೊಂಡರು.

ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದೆ. ಸಮುದ್ರ ಕಾಣದ ಎಷ್ಟೋ ಮಕ್ಕಳು ಅಜ್ಜನ ದೋಣಿಯನ್ನೇ ಬರೆದು ಪಾಸಾದರು. ಹೋದ ವರ್ಷ ಮಗನೊಡನೆ ಮುಂಬೈಗೆ ಹೋದಾಗ, ಮೊದಲ ಕೆಲಸವಾಗಿ ಬಂದರಿಗೆ ಹೋಗಿ ನಿಂತೆ. ದೋಣಿಗಳು ಅವರು ಹೇಳಿದಷ್ಟೇ ಆಳಕ್ಕೆ ನೀರಿನಲ್ಲಿ ಕೂತಿದ್ದವು. ನೀವಂದದ್ದು ಖರೆ ಎಂದು ಹೇಳೋಣವೆಂದರೆ, ಈಗ ಅಜ್ಜ ಇಲ್ಲ.